ರಹಮತ್‌ಗೆ ಹೇಳದೆ ಇಟ್ಟಿದ್ದ ಮಾತು

ತೊಂಬತ್ತರ ದಶಕದ ಕೊನೆ. ಸತ್ಯಮಂಗಲದ ಒಂದು ಚಿಕ್ಕ ಪಂಪ್ ಕಾರ್ಖಾನೆಯನ್ನು ಬೆಂಗಳೂರಿನ ಕಂಪನಿಯೊಂದು ಕೊಳ್ಳಲು ಹೊರಟಿತ್ತು. ಅದು ಎಷ್ಟು ಬೆಲೆ ಬಾಳುತ್ತದೆಂದು ನೋಡಿ ಬರಲು ನನ್ನನ್ನು ಕಳಿಸಿದ್ದರು.

ಮಾಲೀಕರು ಶೆಡ್ ತೋರಿಸುತ್ತಾ, "ಇಲ್ಲಿ ಎಲ್ಲಾ ನಮ್ ರಹಮತ್ತೇ ನೋಡ್ಕೊಳ್ಳೋದು" ಎಂದು ಫೋರ್‌ಮನ್‌ನ ಪರಿಚಯ ಮಾಡಿಸಿದರು. ಪಂಪಿನ ಅಳತೆಗಳು ಯಾವ ಕಾಗದದಲ್ಲೂ ಇರಲಿಲ್ಲ, ಎಲ್ಲಾ ಅವನ ತಲೆಯಲ್ಲೇ. ಅವನು ಬಿಟ್ಟುಹೋದರೆ ಕೊಳ್ಳುವವರಿಗೆ ಸಿಗುವುದು ಬರೀ ಕಬ್ಬಿಣ. ಹಾಗಾಗಿ ಅವನನ್ನೇ ನೇರವಾಗಿ ಕೇಳಿಬಿಟ್ಟೆ: "ಹೊಸ ಮಾಲೀಕರು ಬಂದ್ಮೇಲೂ ಇರ್ತೀರಾ?"

ಮಾಲೀಕರ ಮುಖ ಬಿಳುಚಿತು. ರಹಮತ್ ತಾನು ಕಬ್ಬಿಣ ಕಡೆಯುತ್ತಿದ್ದ ಲೇತ್ ಯಂತ್ರ ಆಫ್ ಮಾಡಿದ.

"ಮಾರ್ತಿದೀರಾ ಸಾವ್ಕಾರ್ರೇ? ಇಪ್ಪತ್ ವರ್ಷ ಆಯ್ತು, ನನಗೊಂದ್ ಮಾತು ಹೇಳ್ಬಾರ್ದಿತ್ತಾ?"

"ಇನ್ನೂ ಏನೂ ಆಗಿಲ್ಲ ಕಣಯ್ಯಾ" ಎಂದರು ಅವರು, ನೆಲ ನೋಡುತ್ತಾ.

ರಹಮತ್ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದ. "ಬರ್ಕೊಳ್ಳಿ ಸಾರ್. ನನ್ನೂ ಕೂರಿಸ್ಕೊಂಡು ಮಾತಾಡಿದ್ರೆ, ಇರ್ತೀನೋ ಇಲ್ವೋ ಆಮೇಲೆ ಹೇಳ್ತೀನಿ." ಅಷ್ಟು ಹೇಳಿ ಹೊರಗೆ ಹೊರಟೇಹೋದ. ಆ ದಿನ ಲೇತ್ ಮತ್ತೆ ತಿರುಗಲಿಲ್ಲ.

ತಿಂಗಳಾದ ಮೇಲೆ ಆದ ಕರಾರಿನಲ್ಲಿ ಅವನದೂ ಸಹಿ ಇತ್ತು. ಐದು ವರ್ಷ ಇರುವುದಾಗಿ ಒಪ್ಪಿ, ಕಾರ್ಖಾನೆಯಲ್ಲೊಂದು ಪಾಲು ಪಡೆದಿದ್ದ. ನನ್ನ ವರದಿಯಲ್ಲಿ ವ್ಯವಹಾರಕ್ಕಿದ್ದ ಅಪಾಯಗಳನ್ನೆಲ್ಲ ಬರೆದಿದ್ದೆ, ನನ್ನ ಬಾಯೊಂದನ್ನು ಬಿಟ್ಟು.