ವಿಲ್ಡಾ ಕ್ರೈಡರ್ ಬಾಯಿ ಮುಚ್ಚಿಕೊಂಡು ಕೂತ ಶನಿವಾರ

ವಿಲ್ಡಾ ಕ್ರೈಡರ್‌ಗೆ ಎಪ್ಪತ್ತೆರಡು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಸೇಲಂ ಫೋರ್ಕ್ ಊರಿನ ಹಳದಿ ಶಾಲಾ ಬಸ್ಸು ಓಡಿಸಿದವಳು. ಅಷ್ಟು ವರ್ಷದಲ್ಲಿ ಬಸ್ಸನ್ನು ಒಂದು ಸಲವೂ ಚರಂಡಿಗೆ ಇಳಿಸಲಿಲ್ಲ. ಹಿಂದಿನ ಸೀಟಿನಲ್ಲಿ ಯಾರು ಯಾರ ಜಡೆ ಎಳೆಯಲಿದ್ದಾರೆ ಅನ್ನುವುದು ಎಳೆಯುವವರಿಗಿಂತ ಮೊದಲೇ ಅವಳಿಗೆ ಕನ್ನಡಿಯಲ್ಲಿ ತಿಳಿಯುತ್ತಿತ್ತು. "ಕೈ ಇಳಿಸು!" ಎಂದು ಅವಳು ಒಂದು ಕೂಗು ಹಾಕಿದರೆ ಬಸ್ಸಿನೊಳಗಿನ ಮಕ್ಕಳಷ್ಟೇ ಅಲ್ಲ, ರಸ್ತೆ ಪಕ್ಕದ ಜೋಳದ ಹೊಲದಲ್ಲಿದ್ದವರೂ ಕೈ ಇಳಿಸಿಬಿಡುತ್ತಿದ್ದರು.

ಈಗ ಆ ಗಂಟಲೇ ಅವಳಿಗೆ ಸಂಕಟ ತಂದಿತ್ತು.

ಇಂಡಿಯಾನಾದ ಆ ಭಾಗದಲ್ಲಿ ನವೆಂಬರ್ ಬಂತೆಂದರೆ ಹೊಲಗಳೆಲ್ಲ ಬೋಳು. ಮಾರ್ಚ್ ತನಕ ಮನುಷ್ಯರಿಗೆ ನೋಡಲು ಇರುವುದು ಎರಡೇ, ಹಿಮ ಮತ್ತು ಬಾಸ್ಕೆಟ್‌ಬಾಲ್. ವಿಲ್ಡಾಳ ಗಂಡ ಮರ್ಲ್ ಸೇಲಂ ಫೋರ್ಕ್ ಕಾಲೇಜಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮದುವೆಗೆ ಮೊದಲು ಅವನು ಅವಳನ್ನು ಮೊಟ್ಟಮೊದಲು ಕರೆದುಕೊಂಡು ಹೋದದ್ದೇ ಪರವೂರಿನ ಆಟಕ್ಕೆ. "ನಮ್ಮೂರ ಆಟಕ್ಕೆ ಯಾರು ಬೇಕಾದ್ರೂ ಚಪ್ಪಲಿ ಮೆಟ್ಕೊಂಡು ಹೋಗ್ತಾರೆ. ಅವರ ಮನೆಗೇ ಹೋಗಿ, ಅವರ ಮಧ್ಯೆ ನಮ್ಮ ಕೆಂಪು ಸ್ವೆಟರ್ ಹಾಕ್ಕೊಂಡು ಕೂರ್ಬೇಕು ಕಣೇ, ಅದು ಮಜಾ" ಅಂದಿದ್ದ. ಮರ್ಲ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಸ್ವೆಟರ್ ಅದೇ, ಮಜಾನೂ ಅದೇ. ವಿಲ್ಡಾ ಒಂದು ಪರವೂರಿನ ಆಟವನ್ನೂ ಬಿಟ್ಟವಳಲ್ಲ.

ಆ ವರ್ಷ ಡಿಸೆಂಬರಿನೊಳಗೆ ಅವಳನ್ನು ಎರಡು ಊರಿನ ಅಂಕಣದಿಂದ ಹೊರಗೆ ಹಾಕಿದ್ದರು. ಮೊದಲ ಸಲ, ಗೇಲನ್ ಪ್ಲಾಂಕ್ ಎಂಬ ರೆಫರಿ ಕಣ್ಣೆದುರಿನ ಫೌಲ್ ಬಿಟ್ಟನೆಂದು ಮರ್ಲ್‌ನ ಹಳೆಯ ಕನ್ನಡಕವನ್ನು ತೆಗೆದುಕೊಂಡು ಹೋಗಿ ಅಂಕ ಬರೆಯುವವರ ಮೇಜಿನ ಮೇಲೆ ಇಟ್ಟು, "ಪಾಪ, ಅವನಿಗೆ ಕೊಡಿ" ಎಂದು ಬಂದಿದ್ದಳು. ಎರಡನೇ ಸಲ ಅದೇ ಗೇಲನ್‌ನ ತಾಯಿಯ ಬಗ್ಗೆ ವಿಚಾರಿಸಿದ್ದಳು. ಚೆನ್ನಾಗಿದ್ದಾರಾ, ಮಗ ಹೀಗಾದದ್ದು ಅವರಿಗೆ ಗೊತ್ತಾ ಎಂದು. ಕೇಳಿದ್ದು ಮರ್ಯಾದೆಯಿಂದಲೇ, ಆದರೆ ಇಡೀ ಅಂಕಣಕ್ಕೆ ಕೇಳುವಂತೆ.

ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ ಪಂದ್ಯಾವಳಿ ಸಮಿತಿಯಿಂದ ಕಾಗದ ಬಂತು. ಇನ್ನು ಒಂದೇ ಒಂದು ದೂರು ಬಂದರೂ ಮಾರ್ಚ್ ಕೊನೆಯ ತನಕ ಯಾವ ಊರಿನಲ್ಲೂ ಅವಳಿಗೆ ಪ್ರವೇಶವಿಲ್ಲ. ಕೂಗಬಾರದು, ವಸ್ತು ಎಸೆಯಬಾರದು, ಆಟದ ಗೆರೆಯೊಳಗೆ ಕಾಲಿಡಬಾರದು. ಆತಿಥೇಯರು ತೋರಿಸಿದ ಜಾಗದಲ್ಲೇ ಕೂರಬೇಕು. ತಮ್ಮೂರಿನವೂ ಪರವೂರಿನವೂ ಸೇರಿ ಇನ್ನೂ ಹನ್ನೆರಡು ಆಟ ಬಾಕಿಯಿದ್ದವು. ಅವು ಹೋದರೆ ಅವಳಿಗೆ ಉಳಿಯುವುದು ಅಡುಗೆಮನೆಯ ಕಿಟಕಿ ಮತ್ತು ಅದರಾಚೆಯ ಹಿಮ. ಆ ಕಿಟಕಿಯ ಮುಂದೆ ಮೂರು ತಿಂಗಳು ಕೂರಲು ತನ್ನಿಂದ ಆಗದು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಜನವರಿಯ ಆ ಶನಿವಾರ ಟಿಲ್‌ಮನ್ ಕಾಲೇಜಿನ ಮೇಲೆ ಆಟ. ಎಂಬತ್ತಮೂರು ಮೈಲಿ ದಾರಿ. ಕಾರು ಓಡಿಸಿದ್ದು ವಿಲ್ಡಾಳೇ. ಪಕ್ಕದಲ್ಲಿ ನೆರೆಮನೆಯ ಹಾರ್ಲನ್ ಯೋಡರ್, ಕ್ಷೌರದ ಅಂಗಡಿ ಮುಚ್ಚಿ ಆರಾಮಾಗಿದ್ದ ಎಪ್ಪತ್ತಾರರ ಮುದುಕ. ಇಬ್ಬರ ಮಧ್ಯೆ ಮೊಟ್ಟೆಯ ಸ್ಯಾಂಡ್‌ವಿಚ್ಚು, ಒಂದು ಫ್ಲಾಸ್ಕ್ ಕಾಫಿ. ಹಾರ್ಲನ್ ದಾರಿಯುದ್ದಕ್ಕೂ ಆ ಕಾಗದವನ್ನು ಓದಿ ಹೇಳಿದ.

"ಕೇಳಿಸ್ತಾ? ಏನಾದ್ರೂ ಆಗ್ಲಿ, ಬಾಯಿ ಮಾತ್ರ ತೆಗೀಬೇಡ ಕಣೇ."

"ಉಸಿರಾಡ್ಬೋದಾ?"

"ಮೂಗಲ್ಲಿ."

ವಿಲ್ಡಾ ಅದಕ್ಕೂ ತಯಾರಿ ಮಾಡಿಕೊಂಡಿದ್ದಳು. ಕೈಚೀಲದಲ್ಲಿ ಒಂದು ಪೊಟ್ಟಣ ಗಟ್ಟಿ ಬೆಣ್ಣೆಮಿಠಾಯಿ. ಒಂದು ಮಿಠಾಯಿ ಬಾಯಲ್ಲಿದ್ದರೆ ಒಂದು ಪದವೂ ಸರಿಯಾಗಿ ಹೊರಡುವುದಿಲ್ಲ ಎಂದು ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿದ್ದಳು.

ಟಿಲ್‌ಮನ್‌ನ ಬಾಗಿಲಲ್ಲಿ ಕ್ರೀಡಾ ಕಚೇರಿಯ ಡಾರ್ಲಾ ಕಾಯುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಒಂದು ನಮೂನೆ. ಆಟ ಮುಗಿದ ಮೇಲೆ ಅದನ್ನು ತುಂಬಿ ಸಮಿತಿಗೆ ಕಳಿಸಬೇಕು.

"ಬನ್ನಿ ಮಿಸೆಸ್ ಕ್ರೈಡರ್, ನಿಮ್ಗೆ ಒಳ್ಳೇ ಜಾಗ ಇಟ್ಟಿದೀವಿ."

ಆ ಒಳ್ಳೆಯ ಜಾಗ ಹಸಿರು ಬಟ್ಟೆ ತೊಟ್ಟ ಟಿಲ್‌ಮನ್‌ನವರ ನಟ್ಟನಡುವೆ, ಮೂರನೇ ಸಾಲಿನಲ್ಲಿತ್ತು. ಸಾಲಿನ ಒಂದು ತುದಿಯಲ್ಲಿ ಕಬ್ಬಿಣದ ಕಂಬಿ, ಅದರ ಪಕ್ಕ ಹಾರ್ಲನ್, ಆಮೇಲೆ ವಿಲ್ಡಾ. ಅವಳ ಇನ್ನೊಂದು ಪಕ್ಕ, ಓಡಾಡುವ ದಾರಿಯ ಅಂಚಿಗೆ, ಓಪಲ್ ಫೆನ್ನರ್.

ಓಪಲ್ ಟಿಲ್‌ಮನ್‌ನ ಹಳೆಯ ಕೋಚ್‌ನ ವಿಧವೆ. ವಯಸ್ಸು ಎಂಬತ್ತೊಂದು. ತಲೆ ತುಂಬ ಬಿಳಿ ಕೂದಲು, ಹಸಿರು ಕೋಟು, ಮಡಿಲಲ್ಲಿ ಮಡಚಿದ ಕೈ. ವಿಲ್ಡಾಳಿಗೂ ಅವಳಿಗೂ ಮೂವತ್ತು ವರ್ಷದ ಪರಿಚಯ, ಮೂವತ್ತು ವರ್ಷದ ಕಿತ್ತಾಟ.

"ಬಂದ್ಯಾ? ಕೂತ್ಕೋ. ನಿನ್ನನ್ನ ಕಾಯೋ ಕೆಲ್ಸ ನಂಗೇ ಕೊಟ್ಟಿದಾರೆ" ಎಂದಳು ಓಪಲ್. "ಏನೇ ಇದು, ಈ ಸ್ವೆಟರನ್ನ ಇನ್ನೂ ಹುಳ ತಿಂದಿಲ್ವಾ?"

ವಿಲ್ಡಾ ಮಿಠಾಯಿಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿಸಿ ನಕ್ಕಳು.

"ಅಯ್ಯೋ ದೇವ್ರೇ, ನಿಜವಾಗ್ಲೂ ಮಾತಾಡಲ್ವಾ! ಹಾರ್ಲನ್, ಇದನ್ನ ನೀನು ಮೊದ್ಲೇ ಮಾಡ್ಸಿದ್ರೆ ಎಷ್ಟು ಒಳ್ಳೇದಿತ್ತೋ."

ಟಿಲ್‌ಮನ್‌ನವರದ್ದು ಒಂದು ವಿಚಿತ್ರ ಪದ್ಧತಿ. ವರ್ಷಕ್ಕೊಂದು ಸಲ, ಸೇಲಂ ಫೋರ್ಕ್ ಬಂದ ದಿನ, ತಮ್ಮ ತಂಡ ಹತ್ತನೇ ಪಾಯಿಂಟ್ ಗಳಿಸುವ ತನಕ ಇಡೀ ಅಂಕಣ ತುಟಿ ಬಿಚ್ಚುವುದಿಲ್ಲ. ಎರಡು ಸಾವಿರ ಜನ, ಒಂದು ಕೆಮ್ಮೂ ಇಲ್ಲ. ಹತ್ತಾದ ಕೂಡಲೇ ಆಕಾಶ ಬಿದ್ದಂತೆ ಕೂಗಿ, ತಂದಿಟ್ಟುಕೊಂಡ ಟಾಯ್ಲೆಟ್ ಪೇಪರಿನ ಸುರುಳಿಗಳನ್ನು ಅಂಕಣಕ್ಕೆ ಎಸೆಯುತ್ತಾರೆ. ಆಗ ಆಟ ನಿಲ್ಲಿಸಲು ಸಮಿತಿಯದೇ ಒಪ್ಪಿಗೆಯಿದೆ. ಇದನ್ನು ಶುರು ಮಾಡಿದ್ದು ಓಪಲ್‌ಳ ಗಂಡ. ಆ ವರ್ಷ ಅಂಕಫಲಕ ಕೆಟ್ಟಿತ್ತಂತೆ, ಓಪಲ್ ಬೆರಳಲ್ಲಿ ಎಣಿಸಿ ಹತ್ತಕ್ಕೆ ಎದ್ದು ನಿಂತಳಂತೆ. ಫಲಕ ರಿಪೇರಿಯಾಗಿ ನಲವತ್ತು ವರ್ಷ ಕಳೆದಿದೆ. ಆದರೂ ಫಲಕ ಏನೇ ಹೇಳಲಿ, ಓಪಲ್ ಎದ್ದರೆ ಮಾತ್ರ ಹತ್ತು. ಎಲ್ಲರ ಕಣ್ಣೂ ಆ ಬಿಳಿ ತಲೆಯ ಮೇಲೆ.

ಮೊದಲೆಲ್ಲ ಈ ಮೌನ ವಿಲ್ಡಾಳಿಗೆ ಹಬ್ಬವಾಗಿತ್ತು. ಎರಡು ಸಾವಿರ ಜನ ಬಾಯಿ ಮುಚ್ಚಿಕೊಂಡಿರುವಾಗ ಮಾತಾಡುವುದು ಅವಳೊಬ್ಬಳೇ. ಪ್ರತಿ ಅಕ್ಷರವೂ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಈ ಸಲ ಹಬ್ಬದ ಮನೆಯಲ್ಲಿ ಅವಳಿಗೆ ಉಪವಾಸ.

ಆಟ ಶುರುವಾಯಿತು. ಶೂಗಳ ಕಿರ್ರೆನ್ನುವ ಸದ್ದು, ಚೆಂಡಿನ ಧಪಧಪ, ಬೇರೇನೂ ಇಲ್ಲ. ರೆಫರಿ ಗೇಲನ್ ಪ್ಲಾಂಕೇ. ಅವನು ಒಳಗೆ ಬಂದವನೇ ವಿಲ್ಡಾಳನ್ನು ಹುಡುಕಿ ನೋಡಿದ. ಮೊದಲ ಫೌಲ್ ಕೊಟ್ಟು ಕುತ್ತಿಗೆ ಕುಗ್ಗಿಸಿಕೊಂಡು ಕಾದ. ಏನೂ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಬೈಗುಳ ಬರದಿದ್ದದ್ದಕ್ಕೆ ಅವನು ಬೆವರತೊಡಗಿದ. ಟಿಲ್‌ಮನ್‌ನ ಎತ್ತರದ ಹುಡುಗನೊಬ್ಬ ಚೆಂಡನ್ನು ಪುಟಿಸದೆ ಮೂರು ಹೆಜ್ಜೆ, ಅಲ್ಲ, ವಿಲ್ಡಾ ಎಣಿಸಿದಂತೆ ನಾಲ್ಕು ಹೆಜ್ಜೆ ನಡೆದು ಬುಟ್ಟಿಗೆ ಹಾಕಿದ. ಗೇಲನ್ ವಿಲ್ಡಾಳ ಮುಖವನ್ನೇ ನೋಡುತ್ತಿದ್ದುದರಿಂದ ಹುಡುಗನ ಕಾಲಿನ ತಪ್ಪು ನೋಡಲೇ ಇಲ್ಲ. ಟಿಲ್‌ಮನ್‌ಗೆ ಎಂಟು.

ವಿಲ್ಡಾಳ ಬಾಯಲ್ಲಿ ಮಿಠಾಯಿ ಕಟಕ್ಕೆಂದು ಎರಡು ತುಂಡಾಯಿತು. ಹಾರ್ಲನ್ ಅವಳ ಮೊಣಕೈ ಹಿಡಿದ. "ಮೂಗಲ್ಲಿ, ಮೂಗಲ್ಲಿ" ಎಂದು ಪಿಸುಗುಟ್ಟಿದ. ಅವಳು ಇನ್ನೆರಡು ಮಿಠಾಯಿ ಬಾಯಿಗೆ ಹಾಕಿಕೊಂಡಳು.

ಅದೇ ಹುಡುಗನಿಗೆ ಒಂದು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಒಂದು ಪಾಯಿಂಟಿಗೆ ಎಸೆಯುವ ಅವಕಾಶ, ಸಿಕ್ಕಿತು. ಬಿತ್ತು. ಒಂಬತ್ತು. ಚೆಂಡು ಸೇಲಂ ಫೋರ್ಕ್‌ನವರ ಕೈಗೆ ಬಂತು. ಎರಡು ಸಾವಿರ ಜನ ಸುರುಳಿಗಳನ್ನು ಕೈಗೆತ್ತಿಕೊಂಡು, ಒಂದು ಕಣ್ಣು ಚೆಂಡಿನ ಮೇಲೆ, ಒಂದು ಕಣ್ಣು ಓಪಲ್ ಮೇಲೆ ಇಟ್ಟು ಕೂತರು. ಹಿಂದಿನ ಸೀಟಿನಲ್ಲಿ ಜಡೆಗೆ ಕೈ ಹೋಗುವ ಮುಂಚಿನ ಗಳಿಗೆ ಹೇಗಿರುತ್ತದೋ ಹಾಗಿತ್ತು ಅದು. ಕನ್ನಡಿಯಲ್ಲಿ ನೋಡಿ ನೋಡಿ ವಿಲ್ಡಾಳಿಗೆ ಆ ಗಳಿಗೆಯ ಪರಿಚಯ ಚೆನ್ನಾಗಿತ್ತು.

ದಾರಿಯಲ್ಲಿ ಎರಡು ಲೋಟ ಕಾಫಿ ಕುಡಿದದ್ದು ನಿಜ. ಬಚ್ಚಲಿಗೆ ಹೋಗಬೇಕೆನಿಸಿದ್ದೂ ಅರ್ಧ ನಿಜ. ವಿಲ್ಡಾ ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಅರ್ಧ ಎದ್ದು, ಬಗ್ಗಿ, ತುಂಬ ಸಂಕೋಚದ ಮುಖ ಮಾಡಿ, ಒಂದು ಬೆರಳಲ್ಲಿ ದಾರಿಯ ಕಡೆ ತೋರಿಸಿದಳು. ಇಂಡಿಯಾನಾದಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ ಪಕ್ಕದವರು ಹೀಗೆ ದಾರಿ ಕೇಳಿದರೆ ಯೋಚನೆಗೆ ಪುರಸೊತ್ತಿರುವುದಿಲ್ಲ. ಕಾಲು ತಾನಾಗಿಯೇ ಏಳುತ್ತದೆ.

ಓಪಲ್ ಎದ್ದು ನಿಂತಳು.

ಅಂಕಣ ಸಿಡಿಯಿತು. ಎರಡು ಸಾವಿರ ಗಂಟಲು ಒಟ್ಟಿಗೆ ತೆರೆದುಕೊಂಡವು. ಸುರುಳಿಗಳು ಬಾಲ ಬಿಚ್ಚಿಕೊಂಡು ಮೇಲಿನಿಂದ ಸುರಿದವು. ಚೆಂಡು ಪುಟಿಸುತ್ತಿದ್ದ ಸೇಲಂ ಫೋರ್ಕ್ ಹುಡುಗನ ತಲೆ, ಭುಜ, ಕಾಲು ಎಲ್ಲ ಕಾಗದವಾಗಿ, ಅವನು ಮದುಮಗಳಂತೆ ನಿಂತುಬಿಟ್ಟ. ಆಮೇಲೆ ಒಬ್ಬೊಬ್ಬರಾಗಿ ಫಲಕ ನೋಡಿದರು. ಒಂಬತ್ತು. ಕೂಗು ಗಾಳಿ ಹೋದ ಟೈರಿನಂತೆ ಇಳಿಯಿತು.

ಹತ್ತಾಗುವ ಮೊದಲು, ಆಟ ನಡೆಯುತ್ತಿರುವಾಗ ಪ್ರೇಕ್ಷಕರು ವಸ್ತು ಎಸೆದರೆ ದಂಡ. ಗೇಲನ್ ಸೀಟಿ ಊದಿ, ಸೇಲಂ ಫೋರ್ಕ್‌ಗೆ ಎರಡು ಫ್ರೀ ಥ್ರೋ ಕೊಟ್ಟ. ಕೊಟ್ಟು, ನೆಟ್ಟಗೆ ಮೂರನೇ ಸಾಲಿನ ಬಳಿ ಬಂದ. ಡಾರ್ಲಾ ಅವನಿಗಿಂತ ಮೊದಲೇ ಬಂದಿದ್ದಳು.

"ಬೇಕಂತ್ಲೇ ಮಾಡಿದಾಳೆ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ಕೂಗಿದ್ರಾ ಇವ್ರು?" ಗೇಲನ್ ಕೇಳಿದ.

"ಇಲ್ಲ" ಎಂದಳು ಡಾರ್ಲಾ. "ಬಾಯೇ ತೆಗೀಲಿಲ್ಲ."

"ಏನಾದ್ರೂ ಎಸೆದ್ರಾ?"

"ಎಸೆದಿದ್ದೆಲ್ಲ ನಮ್ಮೋರೇ."

ಹಾರ್ಲನ್ ಕಾಗದ ಬಿಚ್ಚಿ ಹಿಡಿದ. "ಬಚ್ಚಲಿಗೆ ಹೋಗ್ಬಾರ್ದು ಅಂತ ಇದ್ರಲ್ಲಿ ಎಲ್ಲಿ ಬರೆದಿದೆ ತೋರ್ಸಪ್ಪ. ನಂಗೆ ಕಣ್ಣು ಸ್ವಲ್ಪ ಮಂಜು."

ಗೇಲನ್ ತಲೆ ಕೆರೆದುಕೊಂಡು ಓಪಲ್ ಕಡೆ ತಿರುಗಿದ. "ಮಿಸೆಸ್ ಫೆನ್ನರ್, ನೀವು ಏನ್ ಹೇಳ್ತೀರೋ ಅದೇ ತೀರ್ಮಾನ. ಇವ್ರು ನಿಮ್ಗೆ ಮೋಸ ಮಾಡಿದ್ರು ಅಂದ್ರೆ ಈಗ್ಲೇ ಹೊರಗೆ ಕಳಿಸ್ತೀನಿ. ಅಲ್ಲಿಗೆ ಮುಗೀತು ಇವ್ರ ಈ ವರ್ಷದ ಆಟ."

ವಿಲ್ಡಾಳ ಬಾಯಿ ಒಣಗಿತು. ಮಿಠಾಯಿ ಇದ್ದೂ ಒಣಗಿತು. ಅಡುಗೆಮನೆಯ ಕಿಟಕಿ ಕಣ್ಣ ಮುಂದೆ ಬಂತು.

ಓಪಲ್ ಅವಳನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನಿಧಾನವಾಗಿ ನೋಡಿದಳು. ನಲವತ್ತು ವರ್ಷದಲ್ಲಿ ಅವಳು ತಪ್ಪಾಗಿ ಎದ್ದದ್ದು ಇದೇ ಮೊದಲು. ಕೆನ್ನೆ ಕೆಂಪಾಗಿತ್ತು. ಆದರೆ ತುಟಿಯ ಒಂದು ಮೂಲೆ ಅಲುಗುತ್ತಿತ್ತು.

"ಮೋಸ ಏನಿಲ್ಲಪ್ಪ" ಎಂದಳು. "ಪಾಪ, ಹೊಟ್ಟೆ ಸರಿ ಇಲ್ಲ ಇವ್ಳಿಗೆ. ಮುಖ ನೋಡು, ಹೇಗೆ ಬಿಳಿಚ್ಕೊಂಡಿದೆ. ಡಾರ್ಲಾ, ನೀನೇ ಕರ್ಕೊಂಡ್ಹೋಗು. ಅವಸರ ಮಾಡ್ಬೇಡ. ಪೂರ್ತಿ ಸರಿ ಹೋಗೋ ತನಕ ಹೊರಗೆ ಬಿಡ್ಬೇಡ."

ವಿಲ್ಡಾ ತಲೆ ಅಲ್ಲಾಡಿಸಿದಳು. ಬೇಡ, ಈಗ ಪರವಾಗಿಲ್ಲ ಎಂದು ಕೈಯಲ್ಲಿ ತೋರಿಸಿದಳು. ಆ ಕಡೆ ಫ್ರೀ ಥ್ರೋ ಇನ್ನೂ ಬಾಕಿಯಿದೆ ಎಂದೂ ತೋರಿಸಿದಳು.

"ನಾಚ್ಕೋಬೇಡ ಕಣೇ, ನಮ್ಮ ವಯಸ್ಸಲ್ಲಿ ಎಲ್ರಿಗೂ ಆಗೋದೇ" ಎಂದಳು ಓಪಲ್, ಮೂರು ಸಾಲಿಗೆ ಕೇಳುವಂತೆ.

ಹೋಗದೆ ಬೇರೆ ದಾರಿಯಿರಲಿಲ್ಲ. ಇಡೀ ಅಂಕಣದ ಮುಂದೆ, ಕೆಂಪು ಸ್ವೆಟರ್ ತೊಟ್ಟು, ಡಾರ್ಲಾಳ ಹಿಂದೆ ಅವಳು ನಡೆದಳು. ಹೆಂಗಸರ ಬಚ್ಚಲಿನಲ್ಲಿ ಒಂದು ಸುರುಳಿಯೂ ಉಳಿದಿರಲಿಲ್ಲ. ಕಾಲೇಜಿನ ಮಕ್ಕಳು ಒಂದೂ ಬಿಡದೆ ಬಳಿದುಕೊಂಡು ಹೋಗಿದ್ದರು. ಡಾರ್ಲಾ ಅಂಕಣದ ಅಂಚಿನಿಂದ ಒಂದನ್ನು ಹೆಕ್ಕಿ ತರುವ ಹೊತ್ತಿಗೆ ಎರಡೂ ಫ್ರೀ ಥ್ರೋ ಮುಗಿದಿದ್ದವು. ಬಿದ್ದವೋ ಇಲ್ಲವೋ ವಿಲ್ಡಾಳಿಗೆ ತಿಳಿಯಲಿಲ್ಲ. ಟಿಲ್‌ಮನ್‌ನವರು ಛಲದಿಂದ ಮತ್ತೆ ಬಾಯಿ ಮುಚ್ಚಿಕೊಂಡಿದ್ದರು. ಗೋಡೆಗೆ ಕಿವಿ ಹಚ್ಚಿದರೂ ಏನೂ ಕೇಳಿಸದು. ತುಂಬ ಹೊತ್ತಾದ ಮೇಲೆ ಒಂದು ದೊಡ್ಡ ಕೂಗು ಬಂತು. ಹತ್ತಾಯಿತೆಂದು ಅವಳಿಗೆ ಗೊತ್ತಾಯಿತು.

ವಾಪಸು ಬಂದಾಗ ಓಪಲ್ ಅಡ್ಡಕ್ಕೆ ಕಾಲು ಚಾಚಿ ಕೂತಿದ್ದಳು. ವಿಲ್ಡಾ ಬೆರಳಲ್ಲಿ ದಾರಿ ಕೇಳಿದಳು.

"ಊಹೂಂ. ಈ ವರ್ಷದ ನನ್ನ ಏಳೋದೆಲ್ಲ ಮುಗೀತು. ಅಲ್ಲೇ ಕೂತ್ಕೋ."

ಉಳಿದ ಆಟವನ್ನು ವಿಲ್ಡಾ ಓಪಲ್‌ಳ ಕಾಲ ಬಳಿ, ಸಿಮೆಂಟಿನ ಮೆಟ್ಟಿಲ ಮೇಲೆ ಕೂತು ನೋಡಿದಳು. ಸೇಲಂ ಫೋರ್ಕ್ ಹದಿನಾಲ್ಕು ಪಾಯಿಂಟ್‌ನಿಂದ ಸೋತಿತು. ಆ ಎರಡು ಫ್ರೀ ಥ್ರೋ ಯಾವ ಲೆಕ್ಕಕ್ಕೂ ಬರಲಿಲ್ಲ. ಒಂದು ಬಿದ್ದಿತ್ತು, ಒಂದು ಬಿದ್ದಿರಲಿಲ್ಲ ಎಂದು ಹಾರ್ಲನ್ ಆಮೇಲೆ ಹೇಳಿದ. ಆದರೂ ತಡೆದ ನಗುವಿಗೆ ಅವಳ ಹೊಟ್ಟೆ ಆಗಾಗ ಸದ್ದಿಲ್ಲದೆ ಕುಲುಕುತ್ತಿತ್ತು. ಒಮ್ಮೆ ತಿರುಗಿ ನೋಡಿದರೆ ಓಪಲ್‌ಳ ಹಸಿರು ಕೋಟೂ ಕುಲುಕುತ್ತಿತ್ತು.

ಆಟ ಮುಗಿದ ಮೇಲೆ ಡಾರ್ಲಾ ನಮೂನೆ ತುಂಬಿದಳು. ಕೂಗಿದರೇ? ಇಲ್ಲ. ಎಸೆದರೇ? ಇಲ್ಲ. ಆಟದ ಗೆರೆಯೊಳಗೆ ಕಾಲಿಟ್ಟರೇ? ಇಲ್ಲ. ಕೊನೆಗೆ 'ಇತರ ವಿಷಯ' ಎಂಬಲ್ಲಿ ಪೆನ್ನು ನಿಂತಿತು.

"ಇಲ್ಲಿ ಏನು ಬರೀಲಿ?"

"ತಾ ಇಲ್ಲಿ" ಎಂದು ಓಪಲ್ ಪೆನ್ನು ಕಿತ್ತುಕೊಂಡಳು. ದುಂಡಗಿನ ಅಕ್ಷರದಲ್ಲಿ, ಒಂದೊಂದನ್ನೂ ತಿದ್ದಿ ಬರೆದಳು: 'ನಡತೆ ಉತ್ತಮ. ಹೊಟ್ಟೆಯ ತೊಂದರೆ ಇದೆ. ಎಲ್ಲ ಊರಿನಲ್ಲೂ ಇವರನ್ನು ಹೆಂಗಸರ ಬಚ್ಚಲಿನ ಬಾಗಿಲ ಪಕ್ಕವೇ ಕೂರಿಸತಕ್ಕದ್ದು.'

"ಇದರ ಪ್ರತಿ ಪಂದ್ಯಾವಳಿಯ ಎಂಟು ಕಾಲೇಜಿಗೂ ಹೋಗುತ್ತೆ, ಅಲ್ವಾ ಡಾರ್ಲಾ?"

"ಹೌದು, ಎಂಟಕ್ಕೂ. ಇವ್ರೂ ಓದಿ ಸಹಿ ಹಾಕ್ಬೇಕು. ಒಪ್ಪಲಿಲ್ಲ ಅಂದ್ರೆ ವಿಚಾರಣೆ."

ವಿಲ್ಡಾ ಅದನ್ನು ಎರಡು ಸಲ ಓದಿದಳು. ಬಾಯಿ ತೆರೆದಳು. ಅಲ್ಲಿಯವರೆಗೆ ಕೂಡಿಟ್ಟಿದ್ದೆಲ್ಲ ಗಂಟಲ ತನಕ ಬಂದು ನಿಂತಿತ್ತು. ಹಾರ್ಲನ್ ಕಣ್ಣು ಮುಚ್ಚಿಕೊಂಡ. ಇನ್ನೂ ಹನ್ನೊಂದು ಆಟ ಬಾಕಿಯಿದ್ದವು. ವಿಲ್ಡಾ ಬಾಯಿ ಮುಚ್ಚಿ, ಪೆನ್ನು ಇಸಿದುಕೊಂಡು, ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.