ಸಿಸ್ಟರ್ ಬಡಿದ ರೊಟ್ಟಿ

ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ ಸಿಸ್ಟರ್‌ಗೆ ನಮ್ಮ ಪಕ್ಕದ ಮನೆಯ ಮುದುಕಿ ಗುಂಡಮ್ಮ ಆಯಿ ಬೇಡವೆಂದು ಎಡಗೈ ಆಡಿಸಿಬಿಟ್ಟಳು. ಬಿದ್ದು ಬಲಗೈ ಮುರಿದುಕೊಂಡಿದ್ದ ಆಕೆ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ನಾನು ಒಯ್ದಿದ್ದ ರೊಟ್ಟಿಯನ್ನೂ ವಾಪಸ್ ಕಳಿಸಿದ್ದಳು.

"ತುಂಬಿ ಬಂದ ಡಬ್ಬಿ ಖಾಲಿ ಕೊಡೋ ಮನಿ ಅಲ್ರಿ ನಮ್ದು. ಕೈ ಹಿಂಗದ, ಏನ್ ತುಂಬ್ಲಿ?"

ಜೇವರ್ಗಿಯಿಂದ ನಮ್ಮ ಕೊಳಕೂರಿಗೆ ರೋಗಿಗಳನ್ನು ನೋಡಲು ಬರುವ ಈ ಸಿಸ್ಟರ್ ಮಂಗಳೂರು ಕಡೆಯವರು. ಅವರು ನಕ್ಕು ಒಲೆಯ ಮುಂದೆ ಕುಳಿತರು.

"ನನಗೆ ಜೋಳದ ರೊಟ್ಟಿ ಬರುವುದಿಲ್ಲ ಅಮ್ಮಾ. ನೀವು ಕಲಿಸಿ, ನಾನು ಅದನ್ನೇ ತುಂಬಿಕೊಂಡು ಹೋಗ್ತೇನೆ."

ಮೊದಲ ರೊಟ್ಟಿ ಮೂರು ಕಡೆ ಹರಿಯಿತು. ಆಯಿ ಎದ್ದು ಕುಳಿತಳು.

"ಯವ್ವಾ, ಇದು ರೊಟ್ಟಿನೋ ಹರಕ ಚಾದರಾನೋ? ಹಿಟ್ಟಿಗಿ ಬಿಸಿನೀರ್ ಹಾಕಬೇ, ಮೆತ್ತಗ ಬಡಿ."

ಬೈಯುತ್ತ, ನಗುತ್ತ, ಸಿಸ್ಟರ್ ತಂದ ಅನ್ನ-ಸಾರನ್ನು ಆಯಿ ಎಡಗೈಯಲ್ಲೇ ಪೂರ್ತಿ ಉಂಡಳು. ಸೊಟ್ಟ ರೊಟ್ಟಿಗಳು ಡಬ್ಬಿ ಸೇರಿದವು.

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು, ಅದರ ಹೆಮ್ಮೆ ನನಗಿದೆ. ಕೊಡಲು ಹೋದವರು ತಾವೂ ಏನಾದರೂ ಕೇಳಿ ಪಡೆಯಬೇಕು ಎಂಬುದನ್ನು ಮಾತ್ರ ಆ ಒಲೆಯ ಮುಂದೆ ಕಲಿತೆ. ಈಗ ಯಾರ ಮನೆಗೆ ಊಟ ಒಯ್ದರೂ ಏನಾದರೂ ಕಲಿಸಿ ಎಂದು ಕೂರುತ್ತೇನೆ. ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವುದು ಅರ್ಧ ಬಂದಿದೆ.