ಟವೆಲ್ಲಿನ ಮರೆಯ ಕೈ

ಬಿಳಿ ಟವೆಲ್ ಕೊಳ್ಳುವಾಗ ಅಂಚಿನ ಬಣ್ಣಕ್ಕೆ ಮರುಳಾಗಬೇಡಿ ಸ್ವಾಮಿ, ಬೆಳಕಿಗೆ ಹಿಡಿದು ನೋಡಿ. ಆಚೆಯ ಬೆರಳು ಕಂಡಿತೋ, ಅದು ಮೈ ಒರೆಸಿಕೊಳ್ಳಲು ಸರಿ, ದನದ ವ್ಯಾಪಾರಕ್ಕೆ ಬಾರದು. ತೆರಕಣಾಂಬಿಯ ಸಂತೆಯಲ್ಲಿ ದಲ್ಲಾಳಿಗಳಿಬ್ಬರು ಟವೆಲ್ಲಿನ ಮರೆಯಲ್ಲಿ ಕೈ ಹಿಡಿದು, ಬೆರಳು ಅದುಮಿಯೇ ಎತ್ತಿನ ಬೆಲೆ ಮಾತಾಡುತ್ತಾರೆ. ಸುತ್ತ ನಿಂತವರಿಗೆ ಬಟ್ಟೆಯ ಅಲುಗಾಟವಲ್ಲದೆ ಬೇರೇನೂ ತಿಳಿಯದು. ಎಳೆಯರು ಹೆಗಲಿಗೆ ಕೈ ಹಾಕಿ ತಿರುಗಿದರೆ ಯಾರೂ ಕೇಳರು, ನಿಜ. ಆದರೆ ಮೀಸೆ ನರೆತ ಗಂಡಸರಿಬ್ಬರು ಅಷ್ಟು ಹೊತ್ತು ಕೈ ಹಿಡಿದು ನಿಂತರೂ ಯಾರೂ ಕೇಳದ ಜಾಗ ನಮ್ಮ ತಾಲ್ಲೂಕಿನಲ್ಲಿ ಅದೊಂದೇ.

ನಾನು ಗುಂಡ್ಲುಪೇಟೆಯಲ್ಲಿ ಮದುವೆ ವಿಡಿಯೊ ತೆಗೆಯುವವನು. ಬಾಡಿಗೆ ಕ್ಯಾಮೆರಾದಿಂದ ಶುರುಮಾಡಿ ಸ್ವಂತ ಸ್ಟುಡಿಯೊ ಕಟ್ಟಿದೆ. ಹೇಳಿದ ದರದಿಂದ ನನ್ನನ್ನು ಇಳಿಸಿದ ಬೀಗರು ಇನ್ನೂ ಹುಟ್ಟಿಲ್ಲ. ಅಷ್ಟೊಂದು ಜೋಡಿಗಳನ್ನು ಚೆಂದ ಕಾಣಿಸಿದವನು, ನಾನು ಗಂಡಸನ್ನೇ ಪ್ರೀತಿಸುವ ಗಂಡಸು ಎಂಬುದನ್ನು ಮಾತ್ರ ನಲವತ್ತಾರು ವರ್ಷ ಒಬ್ಬನಿಗಲ್ಲದೆ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಾಯಿಯಂತೆ ಸಾಕಿದ ಅಕ್ಕ ಚಾಮರಾಜನಗರದಿಂದ ಹೆಣ್ಣಿನ ಫೋಟೊ ಕಳಿಸಿದಾಗಲೆಲ್ಲ, ವ್ಯಾಪಾರ ಒಂದು ದಡ ಹತ್ತಲಿ ಎನ್ನುತ್ತಿದ್ದೆ. ಹತ್ತಿ ಇಪ್ಪತ್ತು ವರ್ಷವಾಯಿತು.

ನಮ್ಮಂಥವರ ಚರಿತ್ರೆ ಯಾವ ದಫ್ತರದಲ್ಲೂ ಇಲ್ಲ; ಇರುವುದು ಜನರ ಗೇಲಿಯಲ್ಲಿ. ಒಮ್ಮೆ ಟೀ ಅಂಗಡಿಯಲ್ಲಿ ಒಬ್ಬ ಮುದುಕ, ಸಂತೆಯ ಹಳೆಯ ದಲ್ಲಾಳಿಗಳಾದ ಸಿದ್ದಪ್ಪ, ರಾಚಯ್ಯ ಎಂಬಿಬ್ಬರ ಸುದ್ದಿ ತೆಗೆದು, "ಅವ್ರಿಬ್ರು ಟವಲ್ ಒಳಕ್ಕೆ ಕೈ ಇಕ್ಕುದ್ರೆ, ಬೆಲೆ ಕುದುರುದ್ರೂ ಕೈ ಈಚ್ಗೆ ಬತ್ತಿರ್ಲಿಲ್ಲ ಕಣ್ಲಾ, ಎತ್ತು ನಿಂತಲ್ಲೇ ತೂಕಡ್ಸವು" ಎಂದು ನಕ್ಕ. ಎಲ್ಲರ ಜೊತೆ ನಾನೂ ನಕ್ಕೆ. ವಾರ ಕಳೆಯುವುದರೊಳಗೆ ಆ ಇಬ್ಬರನ್ನು ಕೇಳಿಕೊಂಡು ತೆರಕಣಾಂಬಿಗೆ ಹೋದೆ. ಇಂಥ ಹುಡುಕಾಟಕ್ಕೆ ಹೊರಡುವವರಿಗೆ ನನ್ನ ಬುದ್ಧಿಮಾತು ಇಷ್ಟೇ: ಕಾಗದ ಹುಡುಕುವ ಮೊದಲು ಊರು ಯಾವುದಕ್ಕೆ ನಗುತ್ತದೆ ನೋಡಿ.

ನನ್ನ ಸಾಕ್ಷ್ಯಚಿತ್ರ ಶುರುವಾದದ್ದು ಹಾಗೆ. ಮದುವೆಗಳಲ್ಲಿ ಮುಖ ತೆಗೆದೂ ತೆಗೆದೂ ಬೇಸತ್ತವನಿಗೆ ಮುಖವೇ ಇಲ್ಲದ ಚಿತ್ರ ಮಾಡುವ ಹಟ: ತೆರೆಯ ತುಂಬ ಒಂದು ಟವೆಲ್, ಅದರ ಅಲುಗಾಟ, ಒಂದು ದನಿ. ರಾಚಯ್ಯನವರು ತೀರಿಕೊಂಡಿದ್ದರು. ಸಿದ್ದಪ್ಪನವರು ಮನೆಯ ಜಗಲಿಯ ಮೇಲೆ ಕೂತು, ಟವೆಲ್ಲಿನೊಳಗೆ ನನ್ನ ಕೈ ಹಿಡಿದುಕೊಂಡರು. ನಾನೋ ಅಭ್ಯಾಸಬಲದಿಂದ ಮದುವೆಯ ದೊಡ್ಡ ಲೈಟನ್ನು ಹಿಂದಿನಿಂದ ಹಾಕಿಬಿಟ್ಟಿದ್ದೆ. ಬಟ್ಟೆಯಲ್ಲಿ ನಮ್ಮಿಬ್ಬರ ಬೆರಳು ಎಣಿಸುವಂತೆ ಮೂಡಿದವು. ಅವರು ತಟ್ಟನೆ ಕೈ ಎಳೆದುಕೊಂಡು, "ಲೈಟ್ ಆರ್ಸಪ್ಪ. ಮತ್ತೆ ಟವಲ್ ಯಾತಕ್ಕೆ?" ಎಂದರು.

ಆರಿಸಿದೆ. ಮತ್ತೆ ಕೈ ಕೊಟ್ಟರು. ರಾಚಯ್ಯನವರ ಬಗ್ಗೆ ಕೇಳಿದೆ.

"ಯೋಳ್ತೀನಿ. ನೀ ಏನ್ ಕೊಟ್ಟೀಯೆ?"

ಹಣದ ಮಾತೆಂದುಕೊಂಡು ಜೇಬು ಮುಟ್ಟಿದೆ, ಇಷ್ಟು ವ್ಯಾಪಾರ ಮಾಡಿಯೂ ದಡ್ಡ.

"ನಿನ್ ದುಡ್ಡು ಯಾರ್ಗ್ ಬೇಕ್ಲಾ? ನೀ ಯಾಕ್ ಮದ್ವೆ ಆಗ್ಲಿಲ್ಲ ಅದ ಯೋಳು. ಆ ಮಿಶಿನ್ ಓಡ್ತಿರುವಾಗ್ಲೇ ಯೋಳು. ಆಮೇಕೆ ನಂದು."

ಬೇರೊಬ್ಬರ ಗುಟ್ಟನ್ನು ತೆರೆಗೆ ತರಲು ಹೊರಟವನು ನನ್ನದನ್ನು ಸ್ಟುಡಿಯೊದಲ್ಲೇ ಬೀಗ ಹಾಕಿ ಬಂದಿದ್ದೆ. ಹೇಳಿದರೆ ಅಕ್ಕನಿಗೆ ಮುಟ್ಟುತ್ತದೆ. ಮುಂದಿನ ಲಗ್ನಸಾಲಿಗೆ ಯಾವ ಬೀಗರು ಕರೆದಾರು? ಹೇಳದಿದ್ದರೆ ರಾಚಯ್ಯನವರು ಟೀ ಅಂಗಡಿಯ ನಗೆಯಾಗಿಯೇ ಉಳಿಯುತ್ತಾರೆ. ದನಿ ಬದಲಿಸಿಕೊಳ್ಳಲೇ, ಬೇರೆ ಯಾರದೋ ಕಥೆಯೆಂದು ಹೇಳಲೇ ಎಂದು ಮನಸ್ಸು ಸಂದುಗೊಂದು ಹುಡುಕಿತು. ಆದರೆ ಕೈ ಅವರ ಕೈಯಲ್ಲಿತ್ತು. ಬೆವೆತ ಕೈಯ ಸುಳ್ಳು ದಲ್ಲಾಳಿಗೆ ತಿಳಿಯದೇ?

ಹೇಳಿದೆ. ಕೇರಳದ ಬತ್ತೇರಿಯಿಂದ ವಾರಕ್ಕೊಮ್ಮೆ ತರಕಾರಿ ಕೊಳ್ಳಲು ಗುಂಡ್ಲುಪೇಟೆಗೆ ಬರುತ್ತಿದ್ದವನ ವಿಷಯ, ಐದು ವರ್ಷದ ನಂತರ ಅವನ ಮದುವೆಗೆ ನಾನೇ ಕ್ಯಾಮೆರಾ ಹಿಡಿದು ಹೋದ ವಿಷಯ, ತಾಳಿ ಕಟ್ಟುವ ಅವನ ಬೆರಳುಗಳನ್ನು ಹತ್ತಿರದಿಂದ ತೆಗೆದ ವಿಷಯ. ಸಿದ್ದಪ್ಪನವರು ನನ್ನ ಐದೂ ಬೆರಳನ್ನು ಒಟ್ಟಿಗೆ ಅದುಮಿದರು. ಅದು ಯಾವ ಬೆಲೆಯೋ ನಾನರಿಯೆ. ಆಮೇಲೆ, "ರಾಚ ಅಂದ್ರೆ..." ಎಂದು ಶುರುಮಾಡಿದರು.

ಈಗ ಎಡಿಟಿಂಗ್ ನಡೆದಿದೆ. ನನ್ನ ದನಿ ಕತ್ತರಿಸಲು ಒಂದು ಗುಂಡಿ ಸಾಕು. ದಿನಕ್ಕೆ ಹತ್ತು ಸಲ ಅದರ ಮೇಲೆ ಬೆರಳಿಟ್ಟು ತೆಗೆಯುತ್ತೇನೆ, ಎದ್ದು ಬೀದಿ ತಿರುಗಿ ಬಂದು ಮತ್ತೆ ಕೂರುತ್ತೇನೆ. ನಿನ್ನೆ ಅಕ್ಕ ಫೋನು ಮಾಡಿದಳು.

"ಅದೇನೋ ಪಿಚ್ಚರ್ ತೆಗ್ದಿದ್ದೀಯಂತಲ್ಲ, ಎತ್ತಿನ್ ಯಾಪಾರದ್ದಾ?"

"ಅರ್ಧ ಎತ್ತಿಂದು ಕಣಕ್ಕ, ಅರ್ಧ ನಂದು."

ಆ ಕಡೆ ಅಕ್ಕ ಟಿವಿ ಆರಿಸಿದಳು.

"ಭಾನ್ವಾರ ಬತ್ತೀನಿ. ತೋರ್ಸುವಂತೆ."

ಅಕ್ಕನಿಗೆ ಈಚೆಗೆ ಕಿವಿ ಮಂದ. ನಾನು ಮಾತಾಡುವ ಜಾಗದಲ್ಲಿ ಸದ್ದನ್ನು ಒಂದಿಷ್ಟು ಏರಿಸಿದ್ದೇನೆ.